ಆನೆ ಆಮ್ಲೆಟ್ ತೆರೆದ ಬಾಗಿಲು, ನಿಂಬೆ ಕೇಕ್ ಉಳಿಸಿದ ಹೆಸರು

ಪ್ರಶ್ನೆ: ಯಾರ ಬಳಿಯೂ ಪಾಠ ಹೇಳಿಸಿಕೊಳ್ಳದೆ, ಪುಸ್ತಕ ನೋಡಿಕೊಂಡು ಮನೆಯಲ್ಲೇ ಹನ್ನೊಂದು ವರ್ಷಗಳಿಂದ ಕೇಕ್, ಬಿಸ್ಕತ್ತು ಮಾಡುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ನೂರಕ್ಕೂ ಹೆಚ್ಚು ಪಾಕವಿಧಾನಗಳಿವೆ. ಅವನ್ನು ಪುಸ್ತಕ ಮಾಡಬೇಕೆಂಬ ಆಸೆ. ಈಗ ವಯಸ್ಸು ನಲವತ್ತಾರು. ಸಿಹಿತಿನಿಸುಗಳ ಪುಸ್ತಕಗಳಿಗೆ ಹೆಸರಾದ ಅಮೆರಿಕದ ಲೇಖಕಿ ಮೇಡಾ ಹೀಟರ್ ಕೂಡ ಸ್ವಂತವಾಗಿ ಕಲಿತವರೇ ಎಂದೂ, ಆನೆ ಮಾಂಸದ ಆಮ್ಲೆಟ್ಟಿನಿಂದ ದಿಢೀರನೆ ಹೆಸರಾದರೆಂದೂ ಓದಿದೆ. ಅದು ನಿಜವೇ? ನಿಜವಾದರೆ ಅವರದು ಬರಿಯ ಅದೃಷ್ಟವೇ? ನಾನು ಮೊದಲು ಡಿಪ್ಲೊಮಾ ಮಾಡಬೇಕೇ, ಇಲ್ಲ ಬರೆಯಲು ಕೂರಬಹುದೇ?

ಉತ್ತರ: ಆನೆಯ ಕತೆ ನಿಜ. 1968ರ ಆಗಸ್ಟ್ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷವು ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ರಾಷ್ಟ್ರೀಯ ಸಮಾವೇಶವನ್ನು ಫ್ಲಾರಿಡಾದ ಮಯಾಮಿ ಬೀಚ್‌ನಲ್ಲಿ ನಡೆಸಿತು. ರಿಚರ್ಡ್ ನಿಕ್ಸನ್ ಅಭ್ಯರ್ಥಿಯಾದದ್ದು ಅಲ್ಲಿಯೇ. ಆ ಪಕ್ಷದ ಚಿಹ್ನೆ ಆನೆ. ಮೇಡಾ ಅವರ ಪತಿ ರಾಲ್ಫ್ ಡೇನಿಯಲ್ಸ್ ಆ ಪ್ರದೇಶದಲ್ಲಿ ಒಂದು ಸಣ್ಣ ರೆಸ್ಟೋರೆಂಟ್ ನಡೆಸುತ್ತಿದ್ದರು. ಊರಿಗೆ ಬಂದ ಪತ್ರಕರ್ತರ ಮತ್ತು ಪ್ರತಿನಿಧಿಗಳ ಗಮನ ಸೆಳೆಯಲೆಂದು, ಡಬ್ಬಿಯಲ್ಲಿ ಸಿಗುತ್ತಿದ್ದ ಆನೆ ಮಾಂಸವನ್ನು ತರಿಸಿ, ಅದರ ಆಮ್ಲೆಟ್ಟನ್ನು ತಿಂಡಿಪಟ್ಟಿಗೆ ಸೇರಿಸಿದರು. ಸುದ್ದಿ ಹಬ್ಬಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಆಹಾರ ವಿಭಾಗದ ಸಂಪಾದಕರಾಗಿದ್ದ ಕ್ರೇಗ್ ಕ್ಲೇಬೋರ್ನ್ ಬಂದರು, ಮೇಡಾ ಅವರ ಸಿಹಿತಿನಿಸುಗಳನ್ನು ತಿಂದರು, ಇವನ್ನು ಪುಸ್ತಕವಾಗಿ ಬರೆಯಿರಿ ಎಂದು ಒತ್ತಾಯಿಸಿದರು.

ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಕೀರ್ತಿಗೆ ಜಿಗಿಯುತ್ತಾರೆ. ಆದರೆ ಪುಸ್ತಕ ಹೊರಬಂದದ್ದು 1974ರಲ್ಲಿ. ಸಮಾವೇಶಕ್ಕೂ ಪುಸ್ತಕಕ್ಕೂ ನಡುವೆ ಆರು ವರ್ಷಗಳ ಅಂತರವಿದೆ, ಆನೆಗೂ ಮುಂಚಿನ ವರ್ಷಗಳು ಬೇರೆ ಇವೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡು ಅವಧಿಗಳಲ್ಲಿದೆ ಎಂದು ನನ್ನ ಅಭಿಪ್ರಾಯ.

ಮುಂದೆ ಹೋಗುವ ಮುನ್ನ ಹೆಸರಿನ ಬಗ್ಗೆ ಒಂದು ಮಾತು. ಅವರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ನಮ್ಮ ಅಭ್ಯಾಸದಂತೆ ಓದಿಕೊಂಡರೆ "ಮೈದಾ ಹೀಟರ್" ಎಂದೇ ಆಗುತ್ತದೆ. ಮೈದಾ ಹಿಟ್ಟನ್ನು ಬಿಸಿ ಮಾಡುವುದನ್ನೇ ಕಸುಬಾಗಿಸಿಕೊಂಡವರಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಜೋಯಿಸರೂ ಇಟ್ಟುಕೊಡಲಾರರು. ಹೀಟರ್ ಎಂಬುದು ತಂದೆಯ ಮನೆತನದ ಹೆಸರು. ತಂದೆ ಗೇಬ್ರಿಯಲ್ ಹೀಟರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆಮನೆಗೂ ಗೊತ್ತಿದ್ದ ರೇಡಿಯೋ ವಾರ್ತಾ ವ್ಯಾಖ್ಯಾನಕಾರರು.

ಮೇಡಾ ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ. ಓದಿದ್ದು ಬ್ರೂಕ್ಲಿನ್‌ನ ಪ್ರಾಟ್ ಇನ್‌ಸ್ಟಿಟ್ಯೂಟ್‌ನಲ್ಲಿ, ಅದೂ ಫ್ಯಾಷನ್ ವಿಷಯ. ಉಡುಪುಗಳ ಚಿತ್ರ ಬರೆದರು, ಆಭರಣಗಳ ವಿನ್ಯಾಸ ಮಾಡಿದರು. ಅಡುಗೆಯ ಪಾಠ ಸಿಕ್ಕಿದ್ದು ತಾಯಿಯಿಂದ. ಪ್ರಮಾಣಪತ್ರ ಕೊಡುವಂಥ ಯಾವ ಪಾಕಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಆದರೆ "ಸ್ವಂತವಾಗಿ ಕಲಿತವರು" ಎಂಬ ಮಾತನ್ನು "ಕಲಿಯದವರು" ಎಂಬರ್ಥದಲ್ಲಿ ಬಳಸುವ ರೂಢಿಯೊಂದು ಬಂದುಬಿಟ್ಟಿದೆ, ಅದನ್ನು ನಾನು ಒಪ್ಪುವುದಿಲ್ಲ. ಕಾಗದದ ಮೇಲೆ ಒಂದು ಗೆರೆ ತಪ್ಪಿದರೆ ತೋಳೇ ಸೊಟ್ಟಗಾಗುವ ಚಿತ್ರಕಲೆಯಲ್ಲಿ, ಒಂದು ಕೂದಲೆಳೆ ಹೆಚ್ಚಾದರೆ ಹರಳು ಕೂರದಿರುವ ಆಭರಣ ಕೆಲಸದಲ್ಲಿ ಪಳಗಿದ ಕೈ ಅದು. ಮುಂದೆ ಕುಕ್ಕಿ ಕತ್ತರಿಸುವುದಕ್ಕೂ ಅಳತೆಪಟ್ಟಿ ಹಿಡಿಯಿರಿ ಎಂದು ಓದುಗರಿಗೆ ಹೇಳುವ ಅಭ್ಯಾಸ ಅವರಿಗೆ ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅವರ ನಿಜವಾದ ಶಾಲೆ ಎಂದರೆ ಪತಿಯ ಆ ರೆಸ್ಟೋರೆಂಟು. ಅಲ್ಲಿಗೆ ಬೇಕಾದ ಸಿಹಿಗಳನ್ನೆಲ್ಲ ಅವರು ಮನೆಯಲ್ಲಿ ತಯಾರಿಸಿ ಕಳಿಸುತ್ತಿದ್ದರು. ಮನೆಯವರಿಗೆ ಮಾಡುವ ಕೇಕಿಗೂ ಹಣ ಕೊಟ್ಟು ತಿನ್ನುವವರಿಗೆ ಮಾಡುವ ಕೇಕಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇರುತ್ತದೆ. ಮನೆಯಲ್ಲಿ ಕೇಕ್ ಕುಸಿದರೆ ಎಲ್ಲರೂ ನಕ್ಕು, ಚಮಚ ಹಾಕಿಕೊಂಡು ತಿನ್ನುತ್ತಾರೆ. ಗಿರಾಕಿಗೆ ನಿನ್ನೆ ತಿಂದ ಅದೇ ರುಚಿ, ಅದೇ ಎತ್ತರ, ಅದೇ ಮೃದುತ್ವ ಇಂದೂ ಬೇಕು, ನಾಳೆಯೂ ಬೇಕು. ಒಂದೇ ಕೇಕನ್ನು ನೂರು ಸಲ ಮಾಡಿದಾಗ, ಯಾವುದು ಕೇಕಿನ ಗುಣ, ಯಾವುದು ಆ ದಿನದ ಆಕಸ್ಮಿಕ ಎಂಬುದು ಬೇರ್ಪಡುತ್ತದೆ. ಹೀಗಾಗಿ ಕ್ಲೇಬೋರ್ನ್ ಬಂದು ಕೂತಾಗ ಅವರ ಮುಂದೆ ಬಂದದ್ದು ಆ ದಿನ ಚೆನ್ನಾಗಿ ಬಂದಿದ್ದ ಸಿಹಿಯಲ್ಲ, ಯಾವ ದಿನ ಬಂದರೂ ಹಾಗೆಯೇ ಇರುತ್ತಿದ್ದ ಸಿಹಿ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಹೆಸರಾಂತ ಹೋಟೆಲ್ ಶಾಲೆಯಲ್ಲಿ ಓದಿ ಬಂದಿದ್ದ ಅವರು, ಶಾಲೆಯನ್ನೇ ಕಾಣದವರ ಕೈಗುಣವನ್ನು ಗುರುತಿಸಿದರು ಎಂಬುದು ನನಗೆ ಇಷ್ಟವಾದ ಸಂಗತಿ. ಅದೃಷ್ಟ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಆಮ್ಲೆಟ್ ನೋಡಲು ಬಂದವರಿಗೆ ಬಡಿಸಲು ಕೇಕ್ ಸಿದ್ಧವಿರಬೇಕಿತ್ತು.

ಇನ್ನು ಪುಸ್ತಕ. 1974ರಲ್ಲಿ ಪ್ರಸಿದ್ಧ ನಾಫ್ ಪ್ರಕಾಶನದಿಂದ ಬಂದ ಮೊದಲ ಪುಸ್ತಕವು ಉತ್ತಮ ಸಿಹಿತಿನಿಸುಗಳ ಸಂಗ್ರಹ. ಆಗ ಅವರ ವಯಸ್ಸು ಐವತ್ತೆಂಟರ ಆಸುಪಾಸು. 1977ರಲ್ಲಿ ಕುಕ್ಕಿಗಳದು, 1980ರಲ್ಲಿ ಚಾಕೊಲೇಟ್ ಸಿಹಿಗಳದು, ಆಮೇಲೆ ಇನ್ನಷ್ಟು. ಮೊದಲ ಪುಸ್ತಕಗಳಿಗೆ ಚಿತ್ರ ಬರೆದವರು ಮಗಳು ಟೋನಿ ಎವಿನ್ಸ್. ಹೊಳೆಯುವ ಬಣ್ಣದ ಫೋಟೋಗಳಿಲ್ಲದೆ, ಗೆರೆಚಿತ್ರಗಳ ಬಲದಲ್ಲಿ ಒಂದು ದೇಶದ ಓವನ್‌ಗಳನ್ನೆಲ್ಲ ಹೊತ್ತಿಸಿದ ಪುಸ್ತಕಗಳು ಅವು ಎಂಬುದನ್ನು ಫೋಟೋಗಳಿಗೇ ಮುಕ್ಕಾಲು ಪಾಲು ಶ್ರಮ ಸುರಿಯುವ ಇಂದಿನ ಲೇಖಕರು ನೆನಪಿಡುವುದು ಒಳ್ಳೆಯದು.

ಅವರ ಬರವಣಿಗೆಯ ರೀತಿಯನ್ನು ತೋರಿಸಲು ಒಂದೇ ಕೇಕನ್ನು ಹತ್ತಿರದಿಂದ ನೋಡೋಣ. ಮಗಳು ಟೋನಿಯಿಂದ ಬಂದ, ಆಕೆ ವಾಸವಿದ್ದ ನ್ಯೂಯಾರ್ಕಿನ ಪೂರ್ವ 62ನೇ ಬೀದಿಯ ಹೆಸರನ್ನೇ ಹೊತ್ತ ನಿಂಬೆ ಕೇಕ್ ಅದು. ನಾನು ಅದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ, ಮೊದಲ ಸಲದ ಸೋಜಿಗ ಮಾತ್ರ ಇನ್ನೂ ನೆನಪಿದೆ. ನಡುವೆ ಕೊಳವೆಯಿರುವ ಟಿನ್ನಿಗೆ ಬೆಣ್ಣೆ ಸವರಿ, ಅದರ ಮೇಲೆ ಹಿಟ್ಟಿನ ಬದಲು ನುಣ್ಣನೆಯ ಒಣ ಬ್ರೆಡ್ ಪುಡಿ ಉದುರಿಸಬೇಕೆಂದಿದ್ದಾರೆ. ಬ್ರೆಡ್ ಪುಡಿಯೇ ಎಂದು ನಾನು ಅನುಮಾನಿಸಿದ್ದೆ. ಹಿಟ್ಟು ಬೆಣ್ಣೆಯೊಡನೆ ಸೇರಿ ಅಂಟಿನಂತಾಗುವ ಸಾಧ್ಯತೆಯಿದೆ. ಬ್ರೆಡ್ ಪುಡಿ ಕೇಕಿಗೂ ಲೋಹಕ್ಕೂ ನಡುವೆ ತೆಳು ಪದರವಾಗಿ ಉಳಿದು, ಬಿಸಿ ಕೇಕನ್ನು ಮಗುಚಿದೊಡನೆ ಸದ್ದಿಲ್ಲದೆ ಬಿಡಿಸಿಕೊಡುತ್ತದೆ. ಹಾಗೆ ಬಿಸಿಯಾಗಿರುವಾಗಲೇ ಮಗುಚಬೇಕಾದದ್ದು ಏಕೆಂದರೆ ಮುಂದಿನ ಕೆಲಸಕ್ಕೆ ಬಿಸಿ ಬೇಕು: ನಿಂಬೆರಸಕ್ಕೆ ಸಕ್ಕರೆ ಕಲಸಿ, ಕುದಿಸದೆ, ಕುಂಚದಿಂದ ಕೇಕಿನ ಮೈಗೆಲ್ಲ ಹಚ್ಚುತ್ತಾ ಹೋಗಬೇಕು. ಮೊದಲ ಸುತ್ತಿನಲ್ಲಿ ಇಷ್ಟೊಂದು ರಸವನ್ನು ಕೇಕ್ ಹೀರುವುದುಂಟೇ ಎನಿಸುತ್ತದೆ. ಹಚ್ಚುತ್ತಾ ಹೋದಂತೆ ಬಟ್ಟಲು ಬರಿದಾಗುತ್ತದೆ; ತಣಿದ ಮೇಲೆ ನೋಡಿದರೆ ಮೈಮೇಲೆ ಕಂಡೂ ಕಾಣದಂಥ ಸಕ್ಕರೆಯ ಗರಿಗರಿ ಪೊರೆ, ಅದರಡಿಯಲ್ಲಿ ಹುಳಿಯ ಒಂದು ಸುತ್ತು, ಒಳಗೆ ಬೆಣ್ಣೆಯ ಮೃದು ತಿರುಳು.

ಇನ್ನೂ ಒಂದು ಸೂಕ್ಷ್ಮವಿದೆ. ಕೇಕಿನ ಹಿಟ್ಟಿನೊಳಗೆ ನಿಂಬೆರಸ ಒಂದು ಹನಿಯೂ ಇಲ್ಲ. ಅಲ್ಲಿ ಹೋಗುವುದು ಸಿಪ್ಪೆಯ ತುರಿ ಮಾತ್ರ. ಬೇಕಿಂಗ್ ಪೌಡರಿನಲ್ಲಿ ಕ್ಷಾರವೂ ಆಮ್ಲವೂ ಲೆಕ್ಕ ಹಾಕಿ ಬೆರೆಸಿರುತ್ತವೆ. ಮೇಲಿನಿಂದ ಹುಳಿ ಸುರಿದರೆ ಆ ಲೆಕ್ಕ ತಪ್ಪುತ್ತದೆ, ಜೊತೆಗೆ ಹಾಲೂ ಒಡೆಯುತ್ತದೆ. ಪರಿಮಳವನ್ನು ಹಿಟ್ಟಿಗೂ ಹುಳಿಯನ್ನು ಮೇಲ್ಮೈಗೂ ಹಂಚಿಕೊಟ್ಟರೆ ಎರಡೂ ತಮ್ಮ ಕೆಲಸ ಮಾಡುತ್ತವೆ. ಪಾಕವಿಧಾನದಲ್ಲಿ ಇದರ ರಸಾಯನ ವಿವರಣೆ ಇಲ್ಲ, ಇರಬೇಕಾಗಿಯೂ ಇಲ್ಲ. ಹೇಳಿದಂತೆ ಮಾಡಿದರೆ ವಿಜ್ಞಾನ ತಾನೇ ಪಾಲನೆಯಾಗುತ್ತದೆ.

ಅವರ ಮತ್ತೊಂದು ಖ್ಯಾತ ಕೇಕ್ ಮೈದಾ ಇಲ್ಲದ್ದು. ಚಾಕೊಲೇಟ್, ಬೆಣ್ಣೆ, ಪುಡಿ ಮಾಡಿದ ಬಾದಾಮಿ, ಇವು ತಲಾ 6 ಔನ್ಸ್, ಅಂದರೆ ಸುಮಾರು 170 ಗ್ರಾಂ, ಸಕ್ಕರೆ ಮುಕ್ಕಾಲು ಕಪ್, ಮೊಟ್ಟೆ 6. ಅದು ಪಿಯಾನೊ ವಾದಕ ಯಾನ್ ಸ್ಮೆಟರ್ಲಿನ್ ಮೂಲಕ ಬಂದದ್ದೆಂದೂ, ಚಹಾಕೂಟವೊಂದರಲ್ಲಿ ಅದನ್ನು ತಿಂದ ಬ್ರಿಟನ್ನಿನ ರಾಜಮಾತೆ ಪಾಕವಿಧಾನವನ್ನು ಕೇಳಿ ಪಡೆದುಕೊಂಡರೆಂದೂ ಅದರ ಹಿನ್ನೆಲೆಯನ್ನು ಮೇಡಾ ಹೇಳುತ್ತಾರೆ. ಓವನ್ನಿನಿಂದ ತೆಗೆದ ಬಿಸಿ ಟಿನ್ನನ್ನು ಮಡಿಸಿದ ಒದ್ದೆ ಬಟ್ಟೆಯ ಮೇಲಿಟ್ಟು ತಣಿಯಲು ಬಿಡಬೇಕೆಂಬ ಸೂಚನೆಯೂ, ಕೇಕ್ ನಡುವೆ ಕುಸಿಯುತ್ತದೆ, ಅಂಚನ್ನು ಕತ್ತರಿಸಿ ಸಮ ಮಾಡಿ ಎಂಬ ಸೂಚನೆಯೂ ಅದರಲ್ಲಿವೆ. ಈ ಎರಡನೆಯದು ಸಣ್ಣ ಮಾತಲ್ಲ. ಕುಸಿಯುತ್ತದೆಂದು ಮೊದಲೇ ಹೇಳದಿದ್ದರೆ ಓದುಗರು ತಮ್ಮ ಕೈಯೇ ಸರಿಯಿಲ್ಲವೆಂದು ಕೊರಗಿ ಆ ಪುಟವನ್ನು ಮತ್ತೆ ತೆರೆಯುವುದಿಲ್ಲ. ಗುರುವಿಲ್ಲದೆ ಕಲಿತವರಿಗೆ ಆ ಕೊರಗು ಗೊತ್ತಿರುತ್ತದೆ. ದೊಡ್ಡ ಪಾಕಶಾಲೆಗಳಲ್ಲಿ ತರಬೇತಾದ ಎಷ್ಟೋ ಬಾಣಸಿಗರ ಪುಸ್ತಕಗಳು ಮನೆಯಲ್ಲಿ ಸೋಲುವುದು ಇಲ್ಲಿಯೇ: ಅವರಿಗೆ ತಿಳಿದದ್ದು ಕಡಿಮೆಯೆಂದಲ್ಲ, ಓದುಗರಿಗೆ ಏನು ತಿಳಿದಿರುವುದಿಲ್ಲ ಎಂಬುದು ಅವರಿಗೆ ಮರೆತುಹೋಗಿರುತ್ತದೆ.

ಈ ಎರಡೂ ಕೇಕುಗಳು ಮೂಲತಃ ಮೇಡಾ ಅವರ ಕಲ್ಪನೆಯವಲ್ಲ ಎಂಬುದನ್ನೂ ಗಮನಿಸಿ. ಒಂದು ಮಗಳದು, ಇನ್ನೊಂದು ಪಿಯಾನೊ ವಾದಕನ ಮೂಲಕ ಬಂದದ್ದು, ಎರಡನ್ನೂ ಹಾಗೆಂದೇ ಬರೆದಿದ್ದಾರೆ. ಅಮೆರಿಕದ ಕಾನೂನಿನಲ್ಲಿ ಬರಿಯ ಸಾಮಗ್ರಿಗಳ ಪಟ್ಟಿಗೆ ಕೃತಿಸ್ವಾಮ್ಯವಿಲ್ಲ. ಅದನ್ನು ವಿವರಿಸುವ ನಿಮ್ಮ ಮಾತುಗಳಿಗೆ ಇರಬಹುದು. ಆದ್ದರಿಂದ ಮೂಲವನ್ನು ಮುಚ್ಚಿಟ್ಟರೂ ಕೋರ್ಟಿನಲ್ಲಿ ದಕ್ಕಬಹುದು, ಆದರೆ ಓದುಗರ ನಂಬಿಕೆಯಲ್ಲಿ ದಕ್ಕುವುದಿಲ್ಲ. ನಿಮ್ಮ ನೋಟ್‌ಬುಕ್ಕಿನ ನೂರು ಪಾಕವಿಧಾನಗಳಲ್ಲಿ ಎಷ್ಟು ನಿಮ್ಮವು, ಎಷ್ಟು ನೀವು ಪುಸ್ತಕಗಳಿಂದ ಇಳಿಸಿಕೊಂಡು ತಿದ್ದಿದವು ಎಂದು ಮೊದಲು ಬೇರ್ಪಡಿಸಿ, ಪ್ರತಿಯೊಂದರ ಪಕ್ಕ ಮೂಲವನ್ನು ಬರೆದಿಡಿ. ಹನ್ನೊಂದು ವರ್ಷಗಳ ನಂತರ ಈ ಕೆಲಸ ಕಹಿಯೆನಿಸುತ್ತದೆ, ಆದರೂ ಇದನ್ನು ಮಾಡದೆ ಮುಂದೆ ಹೋಗಬೇಡಿ.

ಇನ್ನು ಖ್ಯಾತಿಯ ದಾರಿ. ಮೇಡಾ ಅವರದು ರೆಸ್ಟೋರೆಂಟಿನಿಂದ ಪುಸ್ತಕಕ್ಕೆ, ಪುಸ್ತಕದಿಂದ ಹೆಸರಿಗೆ ಹೋದ ದಾರಿ. 1983ರಲ್ಲಿ ವಿಲಿಯಮ್ಸ್‌ಬರ್ಗ್‌ನಲ್ಲಿ ಅಧ್ಯಕ್ಷ ರೇಗನ್ ನಡೆಸಿದ ಕೈಗಾರಿಕಾ ರಾಷ್ಟ್ರಗಳ ಶೃಂಗಸಭೆಗೆ ಸಿಹಿ ಸಿದ್ಧಪಡಿಸಲು ಅವರನ್ನು ಕರೆಸಿಕೊಂಡರು. ಅಮೆರಿಕದ ಮತ್ತೊಬ್ಬ ಅಡುಗೆ ಲೇಖಕಿ ಇನಾ ಗಾರ್ಟನ್ ಅವರದು ಅಂಗಡಿಯ ದಾರಿ: ಶ್ವೇತಭವನದ ಬಜೆಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು 1978ರಲ್ಲಿ ಒಂದು ಸಣ್ಣ ತಿನಿಸಿನ ಅಂಗಡಿ ಕೊಂಡು, ಹದಿನೆಂಟು ವರ್ಷ ನಡೆಸಿ, ಮಾರಿ, 1999ರಲ್ಲಿ ಮೊದಲ ಪುಸ್ತಕ ತಂದರು, ಟಿವಿ ಬಂದದ್ದು ಅದರ ನಂತರ, 2002ರಲ್ಲಿ. ಬ್ರಿಟನ್ನಿನ ನಾದಿಯಾ ಹುಸೇನ್ ಅವರಲ್ಲಿ ಕ್ರಮ ತಿರುಗುಮುರುಗಾಯಿತು: 2015ರಲ್ಲಿ ಟಿವಿಯ ಬೇಕಿಂಗ್ ಸ್ಪರ್ಧೆ ಗೆದ್ದರು, ಮರುವರ್ಷವೇ ಮೊದಲ ಅಡುಗೆ ಪುಸ್ತಕ ಬಂತು, ಅದೇ ವರ್ಷ ರಾಣಿ ಎಲಿಜಬೆತ್ ಅವರ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಕಿತ್ತಳೆಯ ಕೇಕ್ ಮಾಡಿಕೊಟ್ಟರು. ಮುಖ ಮೊದಲು ಪರಿಚಿತವಾಗಿ ಪುಸ್ತಕ ಆಮೇಲೆ ಬರುವ ಈ ದಾರಿಯೇ ಈಗ ಹೆಚ್ಚು ಕಾಣುತ್ತದೆ, ಪ್ರಕಾಶಕರು ಲೇಖಕರಿಗೆ ಎಷ್ಟು ಜನ ಹಿಂಬಾಲಕರಿದ್ದಾರೆಂದು ಕೇಳುವುದೂ ಅದಕ್ಕೇ. ಆದರೆ ಪರಿಚಿತ ಮುಖ ಮೊದಲ ಪುಸ್ತಕವನ್ನು ಮಾರಬಲ್ಲದು. ಕೊಂಡವರ ಕೇಕ್ ಉಬ್ಬದಿದ್ದರೆ ಎರಡನೆಯದನ್ನು ಮಾರಲಾರದು.

ಡಿಪ್ಲೊಮಾ ಬಗ್ಗೆ ನನ್ನ ಅಭಿಪ್ರಾಯ ಸರಳ. ಪದರ ಪದರವಾಗಿ ಬೆಣ್ಣೆ ಮಡಿಸುವ ಹಿಟ್ಟು, ಚಾಕೊಲೇಟನ್ನು ಹದವಾದ ತಾಪಕ್ಕೆ ತಂದು ಹೊಳಪು ಕೊಡುವುದು, ಒಮ್ಮೆಗೆ ಇನ್ನೂರು ತುಂಡು ತಯಾರಿಸುವ ಲೆಕ್ಕಾಚಾರ, ಆಹಾರ ಸುರಕ್ಷತೆ, ಇವು ಶಾಲೆಯಲ್ಲಿ ಬೇಗ ಮತ್ತು ಸರಿಯಾಗಿ ಬರುತ್ತವೆ. ಬೇಕರಿ ತೆರೆಯುವವರಿಗೆ ಅಥವಾ ಹೋಟೆಲಿನ ಕೆಲಸ ಹಿಡಿಯುವವರಿಗೆ ಆ ಖರ್ಚು ಸಾರ್ಥಕ. ಮನೆಯ ಅಡುಗೆಮನೆಗಾಗಿ ಮನೆಯ ಕೇಕುಗಳ ಪುಸ್ತಕ ಬರೆಯಲು ಹೊರಟ ನಿಮಗೆ ಅದು ಕಡ್ಡಾಯವಲ್ಲ. ನಿಮ್ಮಲ್ಲಿ ಯಾವುದೋ ಒಂದು ಕೌಶಲ ಕುಂಟುತ್ತಿದ್ದರೆ ಅದೊಂದಕ್ಕೆ ನಾಲ್ಕು ದಿನದ ತರಗತಿಗೆ ಹೋಗಿ ಬನ್ನಿ. ಪ್ರಮಾಣಪತ್ರ ಗೋಡೆಯ ಮೇಲಿದೆಯೆಂದು ಯಾರ ಕೇಕೂ ಉಬ್ಬಿದ್ದನ್ನು ನಾನು ಕಂಡಿಲ್ಲ.

ನೀವು ದುಡಿಯಬೇಕಾದ ಜಾಗ ಬೇರೆಯಿದೆ. ನಿಮ್ಮ ನೋಟ್‌ಬುಕ್ ನಿಮಗೆ ಬರೆದುಕೊಂಡದ್ದು. ಅದರಲ್ಲಿ ಅರ್ಧ ಮಾತು ನಿಮ್ಮ ಕೈಯಲ್ಲಿದೆ, ಕಾಗದದ ಮೇಲಿಲ್ಲ. ಉದಾಹರಣೆಗೆ "ಜರಡಿ ಹಿಡಿದ ಮೂರು ಕಪ್ ಹಿಟ್ಟು" ಮತ್ತು "ಮೂರು ಕಪ್ ಹಿಟ್ಟು, ಜರಡಿ ಹಿಡಿದದ್ದು" ಎಂಬ ಎರಡು ಸಾಲುಗಳನ್ನು ನೋಡಿ. ಮೊದಲನೆಯದರಲ್ಲಿ ಜರಡಿ ಹಿಡಿದು ಆಮೇಲೆ ಅಳೆಯಬೇಕು, ಎರಡನೆಯದರಲ್ಲಿ ಅಳೆದು ಆಮೇಲೆ ಜರಡಿ ಹಿಡಿಯಬೇಕು. ಪದಗಳು ಅವೇ, ಹಿಟ್ಟಿನ ತೂಕ ಬೇರೆ. ಹಗುರವಾಗಿ ಚಮಚದಿಂದ ತುಂಬಿದ ಒಂದು ಕಪ್ ಸುಮಾರು 120 ಗ್ರಾಂ ತೂಗಿದರೆ, ಡಬ್ಬಿಗೆ ಅದ್ದಿ ಒತ್ತಿ ತೆಗೆದದ್ದು 150 ಗ್ರಾಂವರೆಗೂ ಹೋಗುತ್ತದೆ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸವೆಂದರೆ ಒಂದು ಕೇಕ್ ಮೃದುವಾಗುವುದಕ್ಕೂ ಇಟ್ಟಿಗೆಯಾಗುವುದಕ್ಕೂ ಸಾಕು. ಮೇಡಾ ಕಪ್ಪಿನ ಕಾಲದವರು, ಜರಡಿ ಯಾವಾಗ ಎಂದು ಹೇಳಿ ಆ ಅಪಾಯವನ್ನು ತಗ್ಗಿಸಿದರು. ನೀವು ಗ್ರಾಂನಲ್ಲಿ ಬರೆದುಬಿಡಿ.

ಟಿನ್ನಿನ ಅಳತೆಯೂ ಹಾಗೆಯೇ. 20 ಸೆಂಟಿಮೀಟರಿನ ದುಂಡು ಟಿನ್ನಿಗಿಂತ 23ರದು ಸ್ವಲ್ಪ ದೊಡ್ಡದೆಂದು ಕಣ್ಣು ಹೇಳುತ್ತದೆ. ತಳದ ವಿಸ್ತೀರ್ಣ ಲೆಕ್ಕ ಹಾಕಿದರೆ ಮೂರನೆಯ ಒಂದು ಪಾಲಿನಷ್ಟು ಹೆಚ್ಚು. ಅದೇ ಹಿಟ್ಟು ಅಲ್ಲಿ ತೆಳ್ಳಗೆ ಹರಡಿ, ನೀವು ಬರೆದ ಸಮಯಕ್ಕೆ ಒಣಗಿರುತ್ತದೆ. ಓವನ್ನಿನ ಗುಂಡಿ 175 ಎಂದು ತೋರಿಸಿದರೆ ಒಳಗೆ 175 ಡಿಗ್ರಿ ಇರುತ್ತದೆಂಬ ಭರವಸೆಯೂ ಬೇಡ, ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದನ್ನು ಕೊಳ್ಳಿ. ಮೇಡಾ ಅವರ ಪಾಕವಿಧಾನಗಳು ಹೆಚ್ಚಾಗಿ ಓವನ್ನಿನೊಳಗಿನ ತಂತಿಜಾಲರಿಯನ್ನು ಯಾವ ಎತ್ತರದಲ್ಲಿ, ಕೆಳಗಿನಿಂದ ಮೂರನೆಯ ಒಂದು ಭಾಗಕ್ಕೋ ನಡುವಿಗೋ, ಇಡಬೇಕೆಂಬುದರಿಂದಲೇ ಶುರುವಾಗುತ್ತವೆ. ಬಿಸಿ ಓವನ್ನಿನೊಳಗೆ ಕೈಹಾಕಿ ಜಾಲರಿ ಎಳೆದಾಡಿದ ಯಾರಾದರೂ ಈ ವಾಕ್ಯ ಮೊದಲೇ ಏಕೆ ಬರಬೇಕೆಂಬುದನ್ನು ಬಲ್ಲರು.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪ್ರಕಾಶಕರು ಕೊಡುವ ಮುಂಗಡ ಬಹುಮಾನವಲ್ಲ. ಮುಂದೆ ಬರುವ ಗೌರವಧನದಿಂದ ಅದನ್ನು ಮುರಿದುಕೊಳ್ಳುತ್ತಾರೆ. ಪ್ರಯೋಗಕ್ಕೆ ಬೇಕಾದ ಸಾಮಗ್ರಿ, ಎಷ್ಟೋ ಸಲ ಫೋಟೋಗ್ರಾಫರ್ ಖರ್ಚು ಕೂಡ ಲೇಖಕರ ಜೇಬಿನಿಂದಲೇ ಹೋಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಯಾವ ಖರ್ಚು ಯಾರದೆಂದು ಬರಹದಲ್ಲಿ ಕೇಳಿ ಪಡೆದುಕೊಳ್ಳಿ.

ವಯಸ್ಸಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ನಲವತ್ತಾರು ಎಂದು ಬರೆದದ್ದರಲ್ಲಿ ಆ ಪ್ರಶ್ನೆಯೂ ಅಡಗಿದೆ. ಮೊದಲ ಪುಸ್ತಕ ಬಂದಾಗ ಮೇಡಾ ನಿಮಗಿಂತ ಹೆಚ್ಚುಕಡಿಮೆ ಹನ್ನೆರಡು ವರ್ಷ ದೊಡ್ಡವರಾಗಿದ್ದರು, ಆಮೇಲೆ ಎರಡು ದಶಕ ಬರೆದರು. 2019ರ ಜೂನ್‌ನಲ್ಲಿ ಮಯಾಮಿ ಬೀಚ್‌ನಲ್ಲಿ ತೀರಿಕೊಂಡಾಗ 102 ವರ್ಷ. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರ ಆಯ್ದ ಪಾಕವಿಧಾನಗಳ ಹೊಸ ಸಂಗ್ರಹವೊಂದು ಅಂಗಡಿಗೆ ಬಂದಿತ್ತು.

ಈಗ ಒಂದು ಕೆಲಸ. ನೋಟ್‌ಬುಕ್ಕಿನಿಂದ ನಿಮಗೆ ಅತಿ ಸುಲಭವೆನಿಸುವ ಒಂದು ಕೇಕನ್ನು ಆರಿಸಿ, ಗ್ರಾಂ, ಟಿನ್, ತಾಪ, ಸಮಯ ಎಲ್ಲವನ್ನೂ ಬಿಡಿಸಿ ಬರೆದು, ನಿಮ್ಮ ಕೇಕ್ ತಿಂದೇ ಇರದ ಮೂವರಿಗೆ ಕೊಡಿ. ಅವರು ಮಾಡುವಾಗ ನೀವು ಪಕ್ಕದಲ್ಲಿ ನಿಂತು ನೋಡಬಹುದು, ಬಾಯಿ ಬಿಡಬಾರದು. ಅವರು ಎಲ್ಲಿ ಕೈ ತಡೆದು ಕಾಗದವನ್ನು ಮತ್ತೆ ನೋಡುತ್ತಾರೋ ಅಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಮೊದಲ ಸಲ ಆ ಗುರುತುಗಳು ಹತ್ತಕ್ಕಿಂತ ಕಡಿಮೆ ಬಂದರೆ ನನಗೆ ಆಶ್ಚರ್ಯವಾಗುತ್ತದೆ. ಗುರುತು ಬಿದ್ದ ಸಾಲುಗಳನ್ನು ತಿದ್ದಿ, ಬೇರೆ ಮೂವರಿಗೆ ಕೊಡಿ.